ಹಾಡಿ ಬದುಕುವ ಹಕ್ಕು: ಪಂಚಾಕ್ಷರಿ ಗವಾಯಿಗಳ ಬಾಳು, ಬಳುವಳಿ

(ದತ್ತಿ ಉಪನ್ಯಾಸದ ಪಠ್ಯ)



ಅಮೆರಿಕದ ಮೊದಲ ತಲೆಮಾರಿನ ಬ್ಲೂಸ್ ಗಾಯಕರ ಬಗ್ಗೆ ಮಾತಾಡಬೇಕೆಂದು ಸಂಘಟಕರು ಕೇಳಿದಾಗ ನಾನೊಂದು ಷರತ್ತು ಹಾಕಿದೆ. ಮಾತನ್ನು ಅಲ್ಲಿಂದ ಎತ್ತಿಕೊಂಡರೂ ಇಳಿಸುವುದು ಗದಗಿನಲ್ಲೇ ಎಂದು. ಆ ಹಳೆಯ ಮುದ್ರಿಕೆಗಳನ್ನು ಕೇಳುವಾಗಲೆಲ್ಲ ನನಗೆ ನೆನಪಾಗುವವರು ನಮ್ಮ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು. ರಾಗ ಬೇರೆ, ಭಾಷೆ ಬೇರೆ, ನಂಬಿದ ದೇವರು ಬೇರೆ. ಆದರೂ ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ. ಕಣ್ಣಿಲ್ಲದ, ಹಿಂದೆ ಮುಂದೆ ಯಾರೂ ಇಲ್ಲದ ಬಡವರ ಹುಡುಗನ ಗಂಟಲಲ್ಲಿ ಹಾಡಿದ್ದರೆ, ಆ ಹಾಡಿನಿಂದ ಅವನು ಮರ್ಯಾದೆಯಿಂದ ಉಂಡು ಬದುಕಬಹುದೆ?

1892ರ ಫೆಬ್ರವರಿ 2ರಂದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ, ನೀಲಮ್ಮ ದಂಪತಿಗೆ ಒಂದು ಗಂಡು ಕೂಸು ಹುಟ್ಟಿತು. ಗದಿಗೆಯ್ಯ ಎಂದು ಹೆಸರಿಟ್ಟರು. ಕೂಸಿಗೆ ಕಣ್ಣು ಕಾಣುತ್ತಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಕಾಣುತ್ತಿರಲಿಲ್ಲ. ಒಂದೂವರೆ ವರ್ಷದ ಮೇಲೆ, 1893ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಟೆಕ್ಸಾಸಿನಲ್ಲಿ ವರ್ಥಮ್ ಎಂಬ ಊರಿನ ಹತ್ತಿರ ಪಾಲಿಗೆ ಹೊಲ ಮಾಡುತ್ತಿದ್ದ ಕರಿಯ ಜನಾಂಗದ ಮನೆಯೊಂದರಲ್ಲಿ ಲೆಮನ್ ಜೆಫರ್ಸನ್ ಹುಟ್ಟಿದ. ಅವನಿಗೂ ಕಣ್ಣಿಲ್ಲ. ಮುಂದೆ ಗ್ರಾಮಫೋನ್ ಕಂಪನಿ ಅವನನ್ನು ಬ್ಲೈಂಡ್ ಲೆಮನ್ ಎಂದೇ ಮಾರಿತು. ಬ್ಲೈಂಡ್ ಬ್ಲೇಕ್, ಬ್ಲೈಂಡ್ ವಿಲ್ಲಿ ಮೆಕ್‌ಟೆಲ್, ಬ್ಲೈಂಡ್ ವಿಲ್ಲಿ ಜಾನ್ಸನ್ ಹೀಗೆ ಆ ಕಾಲದ ಪಟ್ಟಿ ಉದ್ದಕ್ಕಿದೆ. ಹೊಲದಲ್ಲಿ ದುಡಿಯಲಾಗದ ಮಗನ ಕೈಗೆ ಗಿಟಾರು ಕೊಟ್ಟರೆ ಹೊಟ್ಟೆಗಾದರೂ ಗಳಿಸಿಕೊಂಡಾನು ಎಂಬ ಲೆಕ್ಕ ಆ ಮನೆಗಳಲ್ಲಿತ್ತು.

ಆ ಸೀಮೆಗೂ ನಮ್ಮ ಸೀಮೆಗೂ ನಂಟಿಲ್ಲ ಎಂದುಕೊಳ್ಳಬೇಡಿ. ಡಲ್ಲಾಸಿನ ಸುತ್ತ ಇರುವುದು ಕಪ್ಪು ಎರೆಮಣ್ಣು, ಅಲ್ಲಿಯ ಬೆಳೆ ಹತ್ತಿ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಹತ್ತಿಬೀಜ ತಂದು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿತು. ಧಾರವಾಡ-ಅಮೆರಿಕನ್ ಎಂದು ಹೆಸರಾದ ಆ ತಳಿ ಗದಗು, ಡಂಬಳದ ಎರೆಹೊಲಗಳಲ್ಲಿ ನೆಲೆನಿಂತಿತು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅರಳೆ ಹೋಗುವುದು ನಿಂತಾಗ ಇಲ್ಲಿಯ ಅರಳೆಗೆ ಬಂಗಾರದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿದು ಅಲ್ಲಿ ಗುಲಾಮಗಿರಿ ಕೊನೆಗಂಡಿತು, ಇಲ್ಲಿ ಬೆಲೆ ಕುಸಿಯಿತು. ಬಿಡುಗಡೆಯಾದ ಗುಲಾಮರ ಮಕ್ಕಳು, ಮೊಮ್ಮಕ್ಕಳು ಅದೇ ಹತ್ತಿಹೊಲಗಳಲ್ಲಿ ಸಾಲದ ಪಾಲುಗಾರರಾಗಿ ದುಡಿದರು. ಬ್ಲೂಸ್ ಹುಟ್ಟಿದ್ದು ಅವರ ಬಾಯಲ್ಲಿ. ಅದರ ಕಟ್ಟು ಸರಳ. ಒಂದು ಸಾಲು ಹಾಡುತ್ತಾರೆ, ಅದನ್ನೇ ಮತ್ತೊಮ್ಮೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಹೇಳುತ್ತಾರೆ. ಸಾಲುಗಳ ನಡುವಿನ ಬಿಡುವಿನಲ್ಲಿ ಗಿಟಾರು ಮಾತಾಡುತ್ತದೆ. ಏಕತಾರಿ, ದಮ್ಮಡಿ ಹಿಡಿದು ಶಿಶುನಾಳ ಷರೀಫರ ಪದ ಹಾಡುವವರನ್ನು ಕೇಳಿ ಬೆಳೆದ ಲಕ್ಷ್ಮೇಶ್ವರದ ಕಿವಿಗೆ ಇದು ಪರಕೀಯವೆನಿಸದು.

ಜೆಫರ್ಸನ್ ಹಾಡುತ್ತಿದ್ದದ್ದು ಡಲ್ಲಾಸಿನ ಡೀಪ್ ಎಲ್ಲಮ್ ಎಂಬ ಪೇಟೆಯ ಬೀದಿಯಲ್ಲಿ. ಕೆಲವೊಮ್ಮೆ ಅವನ ಕೈ ಹಿಡಿದು ನಡೆಸುತ್ತಿದ್ದ ಸಣ್ಣ ಹುಡುಗ ಟಿ-ಬೋನ್ ವಾಕರ್ ಮುಂದೆ ವಿದ್ಯುತ್ ಗಿಟಾರಿನ ದೊಡ್ಡ ಕಲಾವಿದನಾದ. ಬಟ್ಟಲಿಗೆ ಬಿದ್ದ ನಾಣ್ಯ ಎಷ್ಟರದೆಂದು ಜೆಫರ್ಸನ್ ಸದ್ದಿನಿಂದಲೇ ಹೇಳುತ್ತಿದ್ದ ಎಂದು ಅವನನ್ನು ಕಂಡವರು ಕತೆ ಕಟ್ಟಿದರು. 1926ರಿಂದ 1929ರವರೆಗೆ ಪ್ಯಾರಾಮೌಂಟ್ ಎಂಬ ಕಂಪನಿಗೆ ಆತ ಹತ್ತಿರ ಹತ್ತಿರ 100 ಹಾಡು ಹಾಡಿಕೊಟ್ಟ. ಅದು ವಿಸ್ಕಾನ್ಸಿನ್ನಿನ ಒಂದು ಕುರ್ಚಿ ಕಾರಖಾನೆಯ ಅಂಗಸಂಸ್ಥೆ. ಗ್ರಾಮಫೋನಿನ ಕಟ್ಟಿಗೆಪೆಟ್ಟಿಗೆ ಮಾಡುತ್ತ ಮಾಡುತ್ತ ತಟ್ಟೆ ಅಚ್ಚು ಹಾಕುವ ಧಂದೆಗೂ ಇಳಿದವರು ಅವರು. ಆ ತಟ್ಟೆಗಳು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದ ತುಂಬ ಖರ್ಚಾದವು. 1929ರ ಡಿಸೆಂಬರಿನಲ್ಲಿ, ಚಳಿ ಕೊರೆಯುವ ಶಿಕಾಗೋದಲ್ಲಿ, ಜೆಫರ್ಸನ್ 36ನೆಯ ವಯಸ್ಸಿಗೆ ತೀರಿಕೊಂಡ. ಊರಿಗೆ ತಂದು ಮಣ್ಣು ಮಾಡಿದರು. ಆ ಗೋರಿಗೆ ಗುರುತಿನ ಫಲಕ ಬಂದದ್ದು 1967ರಲ್ಲಿ. ತನ್ನ ಸಮಾಧಿಯನ್ನು ಸ್ವಚ್ಛವಾಗಿ ಇಡಿರೆಂದು ಕೇಳಿಕೊಳ್ಳುವ ಒಂದು ಹಾಡನ್ನು ಅವನೇ ಹಾಡಿಟ್ಟಿದ್ದ, ಅವನ ಹಾಡುಗಳಲ್ಲೆಲ್ಲ ಹೆಚ್ಚು ಹೆಸರಾದವುಗಳಲ್ಲಿ ಅದೂ ಒಂದು.

ಅದೇ ಟೆಕ್ಸಾಸಿನ ಬ್ಲೈಂಡ್ ವಿಲ್ಲಿ ಜಾನ್ಸನ್ ಇನ್ನೊಂದು ಜಾತಿಯ ಗಾಯಕ. ಬೆರಳಲ್ಲಿ ಬ್ಲೂಸ್, ಬಾಯಲ್ಲಿ ದೇವರ ಹಾಡು. 1927ರಿಂದ 1930ರ ನಡುವೆ 30 ಹಾಡು ಮುದ್ರಿಸಿದ. ಅದರಲ್ಲೊಂದರಲ್ಲಿ ಮಾತೇ ಇಲ್ಲ, ಬರೀ ಗುನುಗು ಮತ್ತು ತಂತಿಯ ಮೇಲೆ ಜಾರುವ ಗಿಟಾರು. 1977ರಲ್ಲಿ ವಾಯೇಜರ್ ನೌಕೆಯ ಜತೆ ಬಾಹ್ಯಾಕಾಶಕ್ಕೆ ಕಳಿಸಿದ ಬಂಗಾರದ ತಟ್ಟೆಯಲ್ಲಿ ಆ ಗುನುಗು ಇದೆ. ಅದೇ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರಕರರ ಭೈರವಿಯೂ ಇದೆ. ಲೋಕದ ಸಂಗೀತವೆಂದು ಆರಿಸಿ ಕಳಿಸಿದ ಆ ಗುನುಗಿನ ಹಾಡುಗಾರ ಜಾನ್ಸನ್ 1945ರಲ್ಲಿ ಬ್ಯೂಮಾಂಟ್ ಎಂಬ ಊರಿನಲ್ಲಿ, ಮನೆ ಸುಟ್ಟುಹೋದ ಮೇಲೆ ಬೂದಿಯ ನಡುವೆ ನೆನೆದ ಹಾಸಿಗೆಯ ಮೇಲೆ ಮಲಗಿ, ಜ್ವರ ಬಂದು ಸತ್ತನೆಂದು ಅವನ ಹೆಂಡತಿ ಹೇಳಿದಳು. ಅದನ್ನು ಕೇಳಲು ಒಬ್ಬ ಸಂಶೋಧಕ ಅವಳ ಬಾಗಿಲಿಗೆ ಬಂದದ್ದು ಹತ್ತು ವರ್ಷದ ಮೇಲೆ, 1955ರಲ್ಲಿ.

ಟೆಕ್ಸಾಸಿನಲ್ಲಿ ಅಂಧರ ಶಾಲೆ ಇರಲಿಲ್ಲವೆಂದಲ್ಲ. ಆಸ್ಟಿನ್‌ನಲ್ಲಿ 1856ರಿಂದ ಇತ್ತು. ಕರಿಯರ ಮಕ್ಕಳಿಗೆ ಬೇರೆಯದೇ ಶಾಲೆ 1887ರಲ್ಲಿ ತೆರೆಯಿತು. ಆದರೆ ಬೀದಿಯ ಹಾಡನ್ನೇ ವಿದ್ಯೆಯೆಂದು ತಿಳಿದು, ಬೀದಿಯ ಹುಡುಗರನ್ನು ಕೂಡಿಸಿಕೊಂಡು, ಒಬ್ಬ ಕುರುಡ ಗಾಯಕ ಇನ್ನೊಬ್ಬ ಕುರುಡ ಹುಡುಗನಿಗೆ ಅನ್ನವನ್ನೂ ಪಾಠವನ್ನೂ ಕೊಡುವ ಮನೆ ಅಲ್ಲಿ ಏಳಲಿಲ್ಲ. ಅಲ್ಲಿ ಉಳಿದದ್ದು ತಟ್ಟೆಗಳು. ಗದಗಿನಲ್ಲಿ ಉಳಿದದ್ದು ಅಂಥ ಒಂದು ಮನೆ. ನಾನು ಇವತ್ತು ಹೇಳಲು ಬಂದದ್ದು ಆ ಮನೆಯ ವಿಚಾರ.

ಗದಿಗೆಯ್ಯನ ಕಾಲದಲ್ಲಿ ಈ ಸೀಮೆಯ ಸಂಗೀತ ಹೇಗಿತ್ತು ಎಂಬುದನ್ನು ಸ್ವಲ್ಪ ನೋಡಬೇಕು. ಗದಗು, ಮುಂಡರಗಿ ಮುಂಬೈ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಕಂದಾಯ ಕಟ್ಟುವುದು, ಫಿರ್ಯಾದಿ ಒಯ್ಯುವುದು ಎಲ್ಲವೂ ಆ ಕಡೆಗೆ. ತಂಬೂರಿ, ಸಿತಾರಗಳನ್ನು ಮಾಡುವವರು ಮಿರಜಿನಲ್ಲಿ, ಅಬ್ದುಲ್ ಕರೀಂ ಖಾನರು ಬಂದು ನೆಲೆಸಿದ್ದೂ ಮಿರಜಿನಲ್ಲಿ. ಗ್ವಾಲಿಯರಿನ, ಕಿರಾಣೆಯ ಗಾಯನಶೈಲಿ ಈ ಎರೆಸೀಮೆಯವರೆಗೆ ಬಂದದ್ದಕ್ಕೆ ಆ ಸಂಸ್ಥಾನಗಳ ಓಡಾಟ ದೊಡ್ಡ ಕಾರಣ. ಇನ್ನೊಂದು ಕಾರಣ ನಾಟಕ. ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, 1870ರ ದಶಕದಲ್ಲೇ ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದ್ದರು. ಆಮೇಲೆ ಶಿರಹಟ್ಟಿ ವೆಂಕೋಬರಾಯರ ಕಂಪನಿ, ಗರುಡ ಸದಾಶಿವರಾಯರ ದತ್ತಾತ್ರೇಯ ಮಂಡಳಿ ಬಂದವು. ಲಕ್ಷ್ಮೇಶ್ವರದ ಬಚ್ಚಾಸಾನಿ ತಮ್ಮದೇ ಕಂಪನಿ ಕಟ್ಟಿ ರಂಗಕ್ಕೆ ಬಂದರು. ಬ್ಲೂಸಿನಲ್ಲೂ ಕರಿಯ ಗಾಯಕರ ಪೈಕಿ ಮೊದಲು ತಟ್ಟೆಗೆ ಹಾಡಿದ್ದು, 1920ರಲ್ಲಿ, ಮೇಮಿ ಸ್ಮಿತ್ ಎಂಬ ಹೆಣ್ಣುಮಗಳು. ಮಾ ರೇನಿ ಎಂಬಾಕೆ ಡೇರೆಯ ಆಟಗಳಲ್ಲಿ ಹಾಡುತ್ತ ಊರೂರು ತಿರುಗಿದಳು. ಹೆಣ್ಣುಮಕ್ಕಳ ಈ ಕತೆಗೆ ಬೇರೆಯದೇ ಉಪನ್ಯಾಸ ಬೇಕು, ಅದನ್ನು ಈ ದತ್ತಿಯವರೇ ಏರ್ಪಡಿಸಲಿ ಎಂದು ಕೇಳಿಕೊಳ್ಳುತ್ತೇನೆ.

ಇಂಥ ಸಂಗೀತದ ಸೀಮೆಯಲ್ಲೂ ಕುರುಡ ಹುಡುಗನಿಗಿದ್ದ ದಾರಿ ಒಂದೇ. ಜಾತ್ರೆಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಸಂತೆಯಲ್ಲಿ ಹಾಡಿ ಕೈಯೊಡ್ಡುವುದು. ಡೀಪ್ ಎಲ್ಲಮ್ಮಿನ ಬೀದಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಕಾಡಶೆಟ್ಟಿಹಳ್ಳಿಯ ಅಣ್ಣತಮ್ಮಂದಿರನ್ನು ಆ ದಾರಿಯಿಂದ ಬೇರೆಡೆಗೆ ತಿರುಗಿಸಿದವರು ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಕಟ್ಟಿದ ಈ ಸ್ವಾಮಿಗಳಿಗೆ ಸಂಸ್ಥೆ ಎಂದರೇನು ಎಂಬುದು ಚೆನ್ನಾಗಿ ಗೊತ್ತಿತ್ತು. ಹುಡುಗನ ಕಂಠ ಕೇಳಿ ಮೆಚ್ಚಿ ಶಾಲು ಹೊದಿಸಿ ಕಳಿಸಲಿಲ್ಲ. ಕಲಿಯಲು ಕಳಿಸಿದರು. ಮೈಸೂರಿನಲ್ಲಿ ಕರ್ನಾಟಕ ಪದ್ಧತಿ, ಆಮೇಲೆ ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ. ಮಲ್ಲಿಕಾರ್ಜುನ ಮನಸೂರರಿಗೂ ಹಿಂದುಸ್ತಾನಿಯಲ್ಲಿ ಮೊದಲ ಗುರುವಾದವರು ಈ ಬುವಾ ಅವರೇ. ಹೀಗೆ ಗದಿಗೆಯ್ಯ ಪಂಚಾಕ್ಷರಿ ಗವಾಯಿಯಾದರು, ಜನ ಉಭಯ ಗಾಯನ ವಿಶಾರದ ಎಂದು ಕರೆದರು.

ಈ ಉಭಯ ಗಾಯನವನ್ನು ನಾವು ಪಾಂಡಿತ್ಯದ ಬಿರುದಾಗಿ ಮಾತ್ರ ಓದುತ್ತೇವೆ. ಅದರಲ್ಲಿ ಬದುಕಿನ ಲೆಕ್ಕವೂ ಇತ್ತೆಂದು ನನಗನ್ನಿಸುತ್ತದೆ. ತುಂಗಭದ್ರೆಯಿಂದ ಆಚೆ ಮೈಸೂರು ಸೀಮೆಯಲ್ಲಿ ಹಾಡಬೇಕಾದರೆ ಕೃತಿ, ಕೀರ್ತನೆ ಬೇಕು. ಈಚೆ ಬೈಠಕ್ಕಿನಲ್ಲಿ, ನಾಟಕದಲ್ಲಿ ಖ್ಯಾಲು, ಠುಮರಿ, ರಂಗಗೀತೆ ಬೇಕು. ಮಠದ ಪುರಾಣಕ್ಕೆ ಕೂತರೆ ವಚನ, ಷಟ್ಪದಿ ಬೇಕು. ಎರಡೂ ಪದ್ಧತಿ ಬಲ್ಲ ಶಿಷ್ಯನಿಗೆ ಎರಡೂ ದಿಕ್ಕಿನಲ್ಲಿ ಕೆಲಸ ಸಿಗುತ್ತದೆ. ಗಾಯನದ ಜತೆ ಪೇಟಿ, ತಬಲಾ, ಪಿಟೀಲುಗಳನ್ನೂ ಕಲಿಸಿದ್ದು ಇದೇ ದೃಷ್ಟಿಯಿಂದ. ಎಲ್ಲ ಮಕ್ಕಳಿಗೂ ಹಾಡುವ ಗಂಟಲಿರುವುದಿಲ್ಲ, ಸಾಥಿ ಮಾಡುವ ಕೈ ಇರಬಹುದು. ಕೈಯೂ ಸಾಧಾರಣವಾದರೆ ನಾಲ್ಕು ಮಕ್ಕಳಿಗೆ ಸರಿಗಮ ಹೇಳಿಕೊಡುವಷ್ಟು ತಾಳ್ಮೆ ಇರಬಹುದು.

1914ರಲ್ಲಿ ಶುರುವಾದ ಗವಾಯಿಗಳ ಶಾಲೆಗೆ ಮೊದಲಿಗೆ ಕಟ್ಟಡವಿರಲಿಲ್ಲ. ಅದು ಸಂಚಾರಿ ಪಾಠಶಾಲೆ. ವಿದ್ಯಾರ್ಥಿಗಳು, ವಾದ್ಯಗಳು, ಅಡಿಗೆಯ ಭಾಂಡೆ ಎಲ್ಲ ಕಟ್ಟಿಕೊಂಡು ಊರಿಂದ ಊರಿಗೆ ಹೋಗುವುದು, ಮಠದಲ್ಲೋ ಗುಡಿಯಲ್ಲೋ ಇಳಿಯುವುದು, ಹಾಡುವುದು, ಊರವರು ಕೊಟ್ಟ ಜೋಳದಲ್ಲಿ ರೊಟ್ಟಿ ಬಡಿದು ಉಣ್ಣುವುದು, ಪಾಠ ನಡೆಸುವುದು, ಮುಂದಿನ ಊರಿಗೆ ಸಾಗುವುದು. ಹೋದಲ್ಲಿ ತಂದೆತಾಯಿ ಇನ್ನೊಂದು ಕುರುಡು ಕೂಸನ್ನು ತಂದು ಒಪ್ಪಿಸಿದರೆ ಪಂಕ್ತಿಗೆ ಇನ್ನೊಂದು ಎಡೆ ಹೆಚ್ಚುತ್ತಿತ್ತು. ಜಂಗಮರ ಪದ್ಧತಿಯೇ ಇಲ್ಲಿ ಶಾಲೆಯಾಯಿತು. ಕಂತಿಭಿಕ್ಷೆಯ ಜೋಳಿಗೆ ಇಲ್ಲಿ ಯಾವ ಮುಜುಗರವೂ ಇಲ್ಲದೆ ಶಾಲೆಯ ಬೊಕ್ಕಸವಾಯಿತು. ಹಾಗೆ ತಿರುಗಿ ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಾಗ ಬಸರಿಗಿಡದ ವೀರಪ್ಪನವರು ನೆರವಾದರು. ವ್ಯಾಪಾರದ ಊರು ಇದು, ಅರಳೆ ಅಡತಿಯ ಊರು, ಬೆಟಗೇರಿಯ ಮಗ್ಗಗಳ ಊರು. ಕೊಡುವ ಕೈಗಳು ಇಲ್ಲಿದ್ದವು. 1884ರಿಂದಲೇ ರೈಲು ಇತ್ತು, ದೂರದ ಊರುಗಳಿಂದ ಮಕ್ಕಳನ್ನು ತಂದು ಬಿಡುವುದು ಸುಲಭವಾಯಿತು.

ನಾಟಕ ಕಂಪನಿಯ ವಿಷಯಕ್ಕೆ ಬರುತ್ತೇನೆ. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಅದೇ ಹೊತ್ತಿಗೆ ಲೋಕದ ತುಂಬ ಮುಗ್ಗಟ್ಟು, ಅರಳೆಯ ದರ ನೆಲಕಚ್ಚಿದ ಕಾಲ. ಅಮೆರಿಕದಲ್ಲಿ ಬ್ಲೂಸ್ ತಟ್ಟೆಗಳ ವ್ಯಾಪಾರ ಮುಳುಗಿದ್ದೂ ಆಗಲೇ, ಪ್ಯಾರಾಮೌಂಟ್ 1932ರ ಹೊತ್ತಿಗೆ ಮುದ್ರಣ ನಿಲ್ಲಿಸಿತು. ಆಶ್ರಮದ ಮಕ್ಕಳ ಹೊಟ್ಟೆಗೆ ಹಾಕಲು ಗವಾಯಿಗಳು ಮಾಡಿದ ಉಪಾಯಗಳಲ್ಲಿ ನಾಟಕ ಮಂಡಳಿಯೂ ಒಂದು. ಅಂಧ ಕಲಾವಿದರೇ ಪೇಟಿ ಬಾರಿಸಿದರು, ತಬಲಾ ನುಡಿಸಿದರು, ಬಣ್ಣ ಹಚ್ಚಿ ರಂಗಕ್ಕೂ ಬಂದರು. ಗವಾಯಿಗಳ ಶಿಷ್ಯ ಪುಟ್ಟರಾಜರು ನಾಟಕ ಬರೆದರು, ಪಾತ್ರವನ್ನೂ ಮಾಡಿದರು. ರಂಗದಂಚು ಎಲ್ಲಿ ಮುಗಿಯುತ್ತದೆಂದು ಕಾಣದ ನಟ ಹೆಜ್ಜೆ ಎಣಿಸಿ ನಡೆಯಬೇಕು. ಎದುರು ನಿಂತ ಪಾತ್ರದ ದನಿ ಬಂದ ದಿಕ್ಕಿಗೇ ಮೋರೆ ತಿರುಗಿಸಬೇಕು. ಪರದೆ ಏಳುವ ಸದ್ದು, ಪೇಟಿಯ ಸ್ವರ, ನೇಪಥ್ಯದ ಚಿಟಿಕೆ ಇವೇ ಅವನಿಗೆ ಸೂಚನೆ. ಇಷ್ಟೆಲ್ಲ ಆದಮೇಲೆ ಪ್ರೇಕ್ಷಕ ಕೊಟ್ಟ ದುಡ್ಡು ಭಿಕ್ಷೆಯಾಗುವುದಿಲ್ಲ, ಟಿಕೇಟಿನ ದುಡ್ಡಾಗುತ್ತದೆ.

ಇಲ್ಲಿ ನನ್ನ ಅಭಿಪ್ರಾಯವನ್ನು ಬಿಚ್ಚಿ ಹೇಳಬೇಕು. ಗವಾಯಿಗಳ ಚರಿತ್ರೆಯನ್ನು ನಾವು ತಪಸ್ಸಿನ, ಪವಾಡದ ಭಾಷೆಯಲ್ಲಿ ಹೇಳುತ್ತ ಬಂದಿದ್ದೇವೆ. ಭಕ್ತಿ ಇರಲಿ, ನನಗೂ ಇದೆ. ಆದರೆ ಪವಾಡವೆಂದು ಕೈಮುಗಿದುಬಿಟ್ಟರೆ ಅವರು ಮಾಡಿದ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಅವರು ಕಟ್ಟಿದ್ದು ಒಂದು ವೃತ್ತಿಶಾಲೆ. ಕುರುಡ ಹುಡುಗನನ್ನು ಕರುಣೆಯ ವಸ್ತುವಾಗಿ ಅಲ್ಲ, ನಾಳೆ ಪಗಾರ ತರುವ ಕಲಾವಿದನಾಗಿ ಕಂಡರು. ಬಡತನ, ಸಾಲ, ಊರೂರು ಅಲೆದಾಟ ಇವುಗಳ ನಡುವೆಯೂ ಪಾಠ ನಿಲ್ಲಿಸಲಿಲ್ಲ. ಇದು ಪವಾಡಕ್ಕಿಂತ ಕಷ್ಟದ್ದು.

ಪಾಠ ಹೇಗೆ ಸಾಗುತ್ತದೆ ಎಂಬುದನ್ನು ಒಮ್ಮೆ ಹತ್ತಿರ ಕೂತು ನೋಡಬೇಕು. ಅಂಧ ಗುರು ಅಂಧ ಶಿಷ್ಯನಿಗೆ ತಬಲಾ ಶ್ರುತಿ ಮಾಡಲು ಕಲಿಸುವಾಗ ನೋಡಿ ಕಲಿಯುವ ಮಾತೇ ಇಲ್ಲ. ಬಲಗೈಯ ತಬಲೆಯ ಪುಡಿಯ ಸುತ್ತ 16 ಮನೆಗಳು, ಬದ್ದಿಗಳ ಅಡಿಗೆ ಸಿಕ್ಕಿಸಿದ 8 ಕಟ್ಟಿಗೆಯ ಗಟ್ಟಾಗಳು. ಹುಡುಗ ತಬಲೆಯನ್ನು ತೊಡೆಗೆ ಆನಿಸಿಕೊಂಡು ಬೆರಳಿಂದ ಅಂಚು ಸವರಿ ಹೆಣಿಗೆಯ ಉಬ್ಬು ಎಣಿಸುತ್ತಾನೆ. ತೋರುಬೆರಳಿಂದ ಒಂದು ಮನೆಯ ಎದುರಿನ ಚಾಟಿಗೆ ಹೊಡೆದು ಕೇಳುತ್ತಾನೆ. ತಂಬೂರಿಯ ಷಡ್ಜಕ್ಕಿಂತ ಒಂದು ಕೂದಲೆಳೆ ಇಳಿದಿದ್ದರೆ ಸುತ್ತಿಗೆಯಿಂದ ಗಜರಿಯ ಮೇಲೆ ಮೇಲಿಂದ ಒಂದು ಪೆಟ್ಟು, ಏರಿದ್ದರೆ ಕೆಳಗಿಂದ ಒಂದು ಪೆಟ್ಟು. ತಬಲೆಯನ್ನು ತಿರುಗಿಸಿ ಮುಂದಿನ ಮನೆ. ಹದಿನಾರೂ ಮನೆ ಒಂದೇ ನಾದ ಕೊಡುವವರೆಗೆ ಗುರು ಮಾತಾಡುವುದಿಲ್ಲ. ಒಂದು ಮನೆ ಹುಳಿಯಾಗಿದ್ದರೂ ಅವರಿಗೆ ಗೊತ್ತಾಗುತ್ತದೆ. ಬೋಲು ಕಲಿಸುವಾಗ ಶಿಷ್ಯನ ಅಂಗೈಯನ್ನು ತಮ್ಮ ಕೈಮೇಲೆ ಇಟ್ಟುಕೊಂಡು ನುಡಿಸುತ್ತಾರೆ, ಆಮೇಲೆ ತಮ್ಮ ಕೈಯನ್ನು ಅವನ ಕೈಮೇಲೆ ಇಡುತ್ತಾರೆ. ಪೇಟಿಯಲ್ಲಾದರೆ ಕರಿ ಮನೆಗಳ ಎರಡರ ಗುಂಪು, ಮೂರರ ಗುಂಪು ಬೆರಳಿಗೆ ಸಿಗುವ ಮೈಲುಗಲ್ಲು. ಕಣ್ಣಿದ್ದವರು ಈ ಮನೆಗೆ ಕಲಿಯಲು ಬಂದರೆ ಅವರೂ ಹೀಗೇ ಕಲಿತರು, ಅದರಿಂದ ಅವರಿಗೆ ಲಾಭವೇ ಆಯಿತು.

ಅಂಥ ಕಣ್ಣಿದ್ದ ಶಿಷ್ಯರಲ್ಲಿ ಹೆಸರಾದವರು ಬಸವರಾಜ ರಾಜಗುರು. ಕುಂದಗೋಳ ತಾಲೂಕಿನ ಯಲಿವಾಳದ ಈ ಹುಡುಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದಾಗ ಗವಾಯಿಗಳ ಕಿವಿಗೆ ಬಿದ್ದ. ಅವನನ್ನು ಜತೆಗಿಟ್ಟುಕೊಂಡು ತಿದ್ದಿದರು. 1936ರಲ್ಲಿ ವಿಜಯನಗರ ಸ್ಥಾಪನೆಯ 600ನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆದಾಗ ರಾಜಗುರುಗಳ ಮೊದಲ ದೊಡ್ಡ ಕಛೇರಿ. ತಬಲೆಗೆ ಕೂತವರು ಪಂಚಾಕ್ಷರಿ ಗವಾಯಿಗಳೇ. ಇದನ್ನು ಓದಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡುತ್ತೇನೆ. ಆ ಕಾಲದ ಕಛೇರಿಯಲ್ಲಿ ತಬಲಾದವರ ಸ್ಥಾನ ಹಿಂದಿನ ಸಾಲು, ಸಂಭಾವನೆಯಲ್ಲಿ ಹೆಸರಿಗೊಂದಿಷ್ಟು. ಎರಡೂ ಪದ್ಧತಿಯ ವಿದ್ವಾಂಸರು, ಒಂದು ಆಶ್ರಮದ ಗುರು, ಆ ಜಾಗದಲ್ಲಿ ಕೂತು ಇನ್ನೂ ಇಪ್ಪತ್ತು ದಾಟದ ಶಿಷ್ಯನಿಗೆ ಠೇಕಾ ಹಿಡಿದರು. ಹುಡುಗ ತಾನಿನಲ್ಲಿ ಎಡವಿದರೆ ಸಮ್ಮಿಗೆ ತಂದು ನಿಲ್ಲಿಸುವ ಕೈ ಅದು. ಗುರುಪರಂಪರೆಯ ಬಗ್ಗೆ ಬರೆದ ಎಷ್ಟೋ ಪುಟಗಳಿಗಿಂತ ಇದು ನನಗೆ ಹೆಚ್ಚು ಹೇಳುತ್ತದೆ.

ಬೆಟಗೇರಿಯ ಅರ್ಜುನಸಾ ನಾಕೋಡ, ರಾಯಚೂರು ಸೀಮೆಗೆ ವಚನಗಾಯನವನ್ನು ಒಯ್ದ ಸಿದ್ಧರಾಮ ಜಂಬಲದಿನ್ನಿ ಇಬ್ಬರೂ ಇದೇ ಮನೆಯವರು. ನಾಕೋಡರ ಮಗ ರಘುನಾಥ ನಾಕೋಡರ ತಬಲೆಯನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ನೇಕಾರರ ಓಣಿಯ ಮನೆತನವೊಂದು ಸಂಗೀತದ ಮನೆತನವಾಗಲು ಆಶ್ರಮ ಹತ್ತಿರದಲ್ಲಿತ್ತು ಎಂಬುದೂ ಒಂದು ಕಾರಣ. ಭೀಮಸೇನ ಜೋಶಿಯವರು ಈ ಶಿಷ್ಯಬಳಗಕ್ಕೆ ಸೇರಿದವರಲ್ಲ. ಆದರೆ 1922ರಲ್ಲಿ ರೋಣದಲ್ಲಿ ಹುಟ್ಟಿ ಗದಗಿನ ಮನೆಯಲ್ಲಿ ಬೆಳೆದ ಅವರಿಗೆ ಮೊದಲ ಪಾಠ ಹೇಳಿದ ಚನ್ನಪ್ಪನವರು ಪಕ್ಕದ ಕುರ್ತಕೋಟಿಯವರು. ಹುಡುಗ ಗದಗಿನಿಂದ ಗುರುವನ್ನು ಹುಡುಕುತ್ತ ಗ್ವಾಲಿಯರಿನವರೆಗೆ ಓಡಿಹೋದ ಕತೆ ಎಲ್ಲರಿಗೂ ಗೊತ್ತು. ಕಣ್ಣು, ಕಾಲು, ಧೈರ್ಯ ಇದ್ದವನು ಓಡಿಹೋಗಿ ಗುರುವನ್ನು ಹುಡುಕಬಹುದು. ಓಡಲಾಗದವನಿಗೆ ಗುರುವೇ ಊರಿಗೆ ಬರಬೇಕಾಗುತ್ತದೆ, ಸಂಚಾರಿ ಪಾಠಶಾಲೆ ಮಾಡಿದ್ದು ಅದನ್ನೇ.

1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು. ವಯಸ್ಸು 52. ಬ್ಯೂಮಾಂಟಿನಲ್ಲಿ ವಿಲ್ಲಿ ಜಾನ್ಸನ್ ಸತ್ತದ್ದು ಮರುವರ್ಷ. ಗದಗಿನಲ್ಲಿ ಮರುದಿನವೂ ಒಲೆ ಹೊತ್ತಿತು, ಪಾಠ ನಡೆಯಿತು. ಹೊಣೆ ಹೊತ್ತವರು 30 ವರ್ಷದ ಪುಟ್ಟರಾಜರು. 1914ರ ಮಾರ್ಚ್ 3ರಂದು ಹಾನಗಲ್ಲ ತಾಲೂಕಿನಲ್ಲೇ ಹುಟ್ಟಿ, ಹಸುಳೆಯಿದ್ದಾಗಲೇ ಕಣ್ಣು ಕಳೆದುಕೊಂಡು, ಸೋದರಮಾವನ ಆಸರೆಯಿಂದ ಗವಾಯಿಗಳ ಹತ್ತಿರ ಬಂದವರು. ಅಲ್ಲಿಂದ 2010ರ ಸೆಪ್ಟೆಂಬರ್ 17ರವರೆಗೆ 66 ವರ್ಷ ಆಶ್ರಮ ನಡೆಸಿದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು, ಬ್ರೈಲ್ ಲಿಪಿಯನ್ನು ಆಶ್ರಮದ ಓದಿಗೆ ತಂದರು. ಒಂದು ವೇದಿಕೆಯಲ್ಲಿ ಪಿಟೀಲು, ಇನ್ನೊಂದರಲ್ಲಿ ಪೇಟಿ, ಮತ್ತೊಂದರಲ್ಲಿ ಸಾರಂಗಿ ನುಡಿಸಬಲ್ಲವರಾಗಿದ್ದರು. 2010ರಲ್ಲೇ ಪದ್ಮಭೂಷಣ ಬಂದಿತ್ತು. ಊರೂರಿನವರು ಅವರನ್ನು ತಕ್ಕಡಿಯಲ್ಲಿ ಕೂಡಿಸಿ ತುಲಾಭಾರ ಮಾಡಿದರು. ನಾಣ್ಯ, ಧಾನ್ಯ, ಬೆಲ್ಲ ತೂಗಿ ಕೊಟ್ಟದ್ದೆಲ್ಲ ಆಶ್ರಮದ ಕಣಜಕ್ಕೆ ಬಂತು. ಪುಟ್ಟರಾಜ ಅಜ್ಜಾವರ ತುಲಾಭಾರವೆಂದರೆ ಹಬ್ಬವೆಂದುಕೊಂಡ ನಾವು, ಒಬ್ಬ ವೃದ್ಧ ಗುರು ಮಕ್ಕಳ ಅನ್ನಕ್ಕಾಗಿ ತಮ್ಮ ಮೈತೂಕವನ್ನೇ ಒಡ್ಡಿ ಕೂತಿದ್ದಾರೆ ಎಂದು ಯೋಚಿಸಿದ್ದು ಕಡಿಮೆ. ಬಳ್ಳಾರಿ ಸೀಮೆಯಿಂದ ಬಂದು 12 ವರ್ಷ ಈ ಅಂಗಳದಲ್ಲಿ ಕಲಿತ ವೆಂಕಟೇಶ ಕುಮಾರರ ದನಿ ಇವತ್ತು ದೇಶದ ಎಲ್ಲ ದೊಡ್ಡ ವೇದಿಕೆಗಳಲ್ಲಿ ಕೇಳುತ್ತದೆ.

1995ರಲ್ಲಿ ಗವಾಯಿಗಳ ಬಾಳು ಸಿನಿಮಾ ಆಯಿತು. ಗಿರೀಶ ಕಾರ್ನಾಡರು ಕುಮಾರಸ್ವಾಮಿಗಳ ಪಾತ್ರ ಮಾಡಿದರು. ಸಂಗೀತಕ್ಕೆ ಹಂಸಲೇಖರಿಗೂ ಹಾಡಿಗೆ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದವು. ಗವಾಯಿಗಳ ಹೆಸರು ಮನೆಮನೆಗೆ ಮುಟ್ಟಿದ್ದಕ್ಕೆ ನಾನು ಆ ಚಿತ್ರಕ್ಕೆ ಋಣಿ. ಆದರೆ ಇಲ್ಲಿರುವ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಗವಾಯಿಗಳ ಬಳುವಳಿಯನ್ನು ಹುಡುಕಲು ತೆರೆಯ ಕಡೆ ನೋಡುವುದಕ್ಕಿಂತ ನಿಮ್ಮೂರಿನ ಜಾತ್ರೆಯ ನಾಟಕದ ಕಡೆ ನೋಡಿ.

ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆ ಹತ್ತಿರ ಬಂದಾಗ ಹುಡುಗರು ಕೂಡಿ ನಾಟಕ ಆಡಬೇಕೆಂದು ಗಟ್ಟಿ ಮಾಡುತ್ತಾರೆ. ಮೊದಲ ಕೆಲಸ ಪೇಟಿ ಮಾಸ್ತರರನ್ನು ಗೊತ್ತು ಮಾಡುವುದು. ಮಾಸ್ತರರು ಬಂದು ಊರಲ್ಲೇ ಉಳಿಯುತ್ತಾರೆ. ದಿನಾ ಒಬ್ಬೊಬ್ಬರ ಮನೆಯ ಊಟ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದ ಹುಡುಗರನ್ನು ರಾತ್ರಿ ಗುಡಿಯಲ್ಲಿ ಕೂಡಿಸಿ, ಶ್ರುತಿಯೇ ಗೊತ್ತಿಲ್ಲದ ಗಂಟಲಿನಿಂದ ಕಂದ, ರಂಗಗೀತೆ ಹೊರಡಿಸುತ್ತಾರೆ. ತಾಲೀಮು ಮುಗಿಯುವ ಹೊತ್ತಿಗೆ ನಡುರಾತ್ರಿ. ಇಂಥ ಮಾಸ್ತರರಲ್ಲಿ, ಭಜನಾಮೇಳಗಳ ತಬಲಾದವರಲ್ಲಿ, ಮಠದ ಪುರಾಣಕ್ಕೆ ಸಾಥಿ ಕೂಡುವವರಲ್ಲಿ, ಹೈಸ್ಕೂಲಿನ ಸಂಗೀತ ಶಿಕ್ಷಕರಲ್ಲಿ ಪುಣ್ಯಾಶ್ರಮದ ಅನ್ನ ಉಂಡವರು, ಅಥವಾ ಉಂಡವರಿಂದ ಕಲಿತವರು ಎಷ್ಟೋ ಮಂದಿ. ಅವರ ಹೆಸರು ಯಾವ ಸಂಗೀತಕೋಶದಲ್ಲೂ ಬಂದಿಲ್ಲ. ಪದ್ಮ ಪ್ರಶಸ್ತಿಗಳಷ್ಟೇ ತೂಕದ ಫಲ ಇದೆಂದು ನಾನು ಎಣಿಸುತ್ತೇನೆ. ಕಣ್ಣಿಲ್ಲದ ಹುಡುಗನಿಗೂ ಒಂದು ವೃತ್ತಿ ಇರಬೇಕು, ಊರವರು ಅವನನ್ನು ಮಾಸ್ತರ್ರೇ ಎಂದು ಕರೆದು ಊಟಕ್ಕೆ ಏಳಿಸಬೇಕು ಎಂಬುದು 1914ರಲ್ಲಿ ಶುರುವಾದ ಆ ಶಾಲೆಯ ಉದ್ದೇಶವೇ ಆಗಿತ್ತು.

ವಿಲ್ಲಿ ಜಾನ್ಸನ್ನನ ಹೆಂಡತಿಯ ಬಾಗಿಲು ತಟ್ಟಲು ಹತ್ತು ವರ್ಷ ತಡವಾಯಿತು. ನಮ್ಮಲ್ಲಿ ತಡವಾಗದಂತೆ ನೋಡಿಕೊಳ್ಳಬಹುದು. ಈ ದತ್ತಿಯ ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣವಾಗುತ್ತದೆ, ಅದರ ಜತೆಗೆ ವರ್ಷಕ್ಕೊಂದು ತಾಲೂಕಿನ ಪೇಟಿ ಮಾಸ್ತರರ ಪಟ್ಟಿಯೂ ಆಗಲಿ ಎಂದು ನನ್ನ ಕೋರಿಕೆ. ಕಾಲೇಜಿನ ಹುಡುಗರು, ಹುಡುಗಿಯರು ನಿಮ್ಮ ಊರಿನ ಮಾಸ್ತರರ ಹತ್ತಿರ ಹೋಗಿ ಮೊಬೈಲಿನಲ್ಲಿ ಧ್ವನಿ ಹಿಡಿಯಿರಿ. ಯಾರ ಹತ್ತಿರ ಕಲಿತಿರಿ, ಎಷ್ಟು ವರ್ಷ ಆಶ್ರಮದಲ್ಲಿದ್ದಿರಿ, ಮೊದಲು ಕಲಿತ ರಾಗ ಯಾವುದು, ಯಾವ ಊರಲ್ಲಿ ಯಾವ ನಾಟಕ ಕಲಿಸಿದಿರಿ, ಮೊದಲ ಸಂಬಳ ಎಷ್ಟು ಎಂದು ಕೇಳಿ. ಒಂದು ನಾಟಕದ ಹಾಡುಗಳನ್ನು ಪೇಟಿ ಹಿಡಿದು ಪೂರ್ತಿ ಹಾಡಿಸಿ. ಎಂಬತ್ತು ದಾಟಿದವರ ಹತ್ತಿರ ಮೊದಲು ಹೋಗಿ. ಸಂಘಟಕರು ಒಪ್ಪಿದರೆ ಮುಂಡರಗಿ ತಾಲೂಕಿನ ಪಟ್ಟಿಯ ಕೆಲಸದಲ್ಲಿ ನಾನೂ ನಿಮ್ಮ ಜತೆ ಬರುತ್ತೇನೆ.